ರಕ್ತದ ಕೊಬ್ಬಿಗೆ ಶಸ್ತ್ರದ ಮದ್ದು

ಕೊಲೆಸ್ಟರಾಲ್ ಎಂದೊಡನೆ ನೆನಪಿಗೆ ಬರುವುದು ಬೆಣ್ಣೆ, ತುಪ್ಪ, ಕರಿದ ತಿಂಡಿ. ಜೊತೆಗೆ ನಡುವಯಸ್ಸು ದಾಟಿದವರ ಬೊಜ್ಜು. ಆದರೆ ತುಪ್ಪದ ರುಚಿಯನ್ನೇ ಕಾಣದ ಮಗುವಿನ ರಕ್ತದಲ್ಲೂ ಅದು ಅತಿಯಾಗಿರಬಹುದು. ಮೊಣಕೈ, ಮಂಡಿ, ಬೆರಳಿನ ಗೆಣ್ಣುಗಳ ಮೇಲೆ ಏಳುವ ಹಳದಿ ಗಂಟುಗಳು ಅದರ ಹೊರಗುರುತು. ಇಂಥ ಗಂಟು, ರಕ್ತದ ಕೊಬ್ಬು, ಎಳೆಯ ವಯಸ್ಸಿನ ಹೃದ್ರೋಗ ಇವು ಕೆಲವು ಮನೆತನಗಳಲ್ಲಿ ಒಟ್ಟಾಗಿಯೇ ಇಳಿದುಬರುತ್ತವೆಂದು ನಾರ್ವೆಯ ವೈದ್ಯ ಕಾರ್ಲ್ ಮುಲ್ಲರ್ 1930ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು. ಆದರೆ ಇದಕ್ಕೆ ತಕ್ಕ ಮದ್ದು ಸಿಗಲು ಬಹುಕಾಲ ಹಿಡಿಯಿತು. ಪಥ್ಯದಿಂದ ಹೆಚ್ಚು ಪ್ರಯೋಜನವಿರಲಿಲ್ಲ. ಹಾಗಾಗಿ ಶಸ್ತ್ರವೈದ್ಯರು ಈ ಕೆಲಸಕ್ಕೆ ಕೈಹಾಕಿದರು.

1963ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಹೆನ್ರಿ ಬುಕ್ವಾಲ್ಡ್ ಮಾಡಿದ ಶಸ್ತ್ರಕ್ರಿಯೆಯ ತರ್ಕ ಸರಳವಾದುದು. ಯಕೃತ್ತು ಕೊಲೆಸ್ಟರಾಲನ್ನು ಬಳಸಿಯೇ ಪಿತ್ತಾಮ್ಲವನ್ನು ತಯಾರಿಸುತ್ತದೆ. ಕರುಳಿಗೆ ಇಳಿದ ಈ ಆಮ್ಲ ವ್ಯರ್ಥವಾಗುವುದಿಲ್ಲ. ಸಣ್ಣಕರುಳಿನ ಕೊನೆಯ ಭಾಗ ಅದನ್ನು ಹೀರಿ ಯಕೃತ್ತಿಗೆ ಹಿಂದಿರುಗಿಸುತ್ತದೆ. ಬುಕ್ವಾಲ್ಡ್ ಸಣ್ಣಕರುಳಿನ ಕೊನೆಯ ಮೂರರಲ್ಲೊಂದು ಪಾಲನ್ನು ಆಹಾರದ ದಾರಿಯಿಂದ ತಪ್ಪಿಸಿ, ಮೇಲಿನ ಭಾಗವನ್ನು ನೇರವಾಗಿ ದೊಡ್ಡಕರುಳಿಗೆ ಹೊಲಿದರು. ಪಿತ್ತಾಮ್ಲ ಹೊರಹೋಯಿತು. ಹೊಸದನ್ನು ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲನ್ನು ಎಳೆದುಕೊಳ್ಳಬೇಕಾಯಿತು. ಇದಕ್ಕೆ ಬೆಲೆಯೂ ಇತ್ತು. ರೋಗಿಗೆ ಭೇದಿಯ ಕಾಟ, ಬದುಕಿರುವಷ್ಟು ಕಾಲ ಬಿ-12 ಜೀವಸತ್ವದ ಚುಚ್ಚುಮದ್ದು.

ಕೊಲೆಸ್ಟರಾಲ್ ಇಳಿಸಿದರೆ ಹೃದಯ ಉಳಿಯುತ್ತದೆಯೇ ಎಂಬುದರ ಬಗ್ಗೆ ಆಗ ವೈದ್ಯರಲ್ಲಿ ಒಮ್ಮತವಿರಲಿಲ್ಲ. ಒಮ್ಮೆ ಹೃದಯಾಘಾತವಾಗಿದ್ದ 838 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಶಸ್ತ್ರಕ್ರಿಯೆ ನಡೆಸಿ, ಸರಾಸರಿ ಸುಮಾರು ಹತ್ತು ವರ್ಷ ಗಮನಿಸಲಾಯಿತು. ಇವರೆಲ್ಲರದೂ ಅನುವಂಶಿಕ ಕಾಯಿಲೆಯಲ್ಲ. 1990ರ ಅಕ್ಟೋಬರಿನಲ್ಲಿ ಫಲಿತಾಂಶ ಹೊರಬಂತು. ಶಸ್ತ್ರಕ್ರಿಯೆಯಾದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಶೇ. 38ರಷ್ಟು ಕಡಿಮೆ, ಹೃದ್ರೋಗದ ಸಾವು ಮತ್ತು ಮರುಆಘಾತ ಸೇರಿ ಶೇ. 35ರಷ್ಟು ಕಡಿಮೆ. ವಾದವೇನೋ ಗೆದ್ದಿತು. ಆದರೆ ಅಷ್ಟರಲ್ಲಿ, 1987ರಲ್ಲಿಯೇ, ಲೊವಾಸ್ಟಾಟಿನ್ ಎಂಬ ಮಾತ್ರೆ ಅಮೆರಿಕದ ಅಂಗಡಿಗೆ ಬಂದಿತ್ತು. ಮಾತ್ರೆಯಿಂದ ಕೆಲಸವಾಗುವುದಾದರೆ ಯಾರು ತಾನೇ ಕರುಳು ಕೊಯ್ಯಿಸಿಕೊಂಡಾರು? ಕರುಳಿನ ಶಸ್ತ್ರಕ್ರಿಯೆ ತೋರಿಸಿಕೊಟ್ಟ ಸತ್ಯದ ಲಾಭ ಮಾತ್ರೆಗೆ ದೊರೆಯಿತು.

ತಂದೆ ತಾಯಿ ಇಬ್ಬರಿಂದಲೂ ದೋಷಪೂರಿತ ಜೀನು ಪಡೆದ ಮಕ್ಕಳ ಪಾಡು ಮಾತ್ರ ಬೇರೆ. ರಕ್ತದಿಂದ ಕೊಲೆಸ್ಟರಾಲನ್ನು ಹಿಡಿದೆಳೆಯುವ ಗ್ರಾಹಕಗಳು ಜೀವಕೋಶಗಳ ಮೇಲಿರುತ್ತವೆಂದು ಡಲ್ಲಾಸಿನ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1970ರ ದಶಕದಲ್ಲಿ ಕಂಡುಹಿಡಿದರು. 1985ರಲ್ಲಿ ನೊಬೆಲ್ ಪಡೆದರು. ಈ ಗ್ರಾಹಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಯಕೃತ್ತಿನಲ್ಲಿ. ಆ ಮಕ್ಕಳಲ್ಲಿ ಅವು ಕೆಲಸ ಮಾಡುವುದೇ ಇಲ್ಲ, ಇಲ್ಲವೇ ತೀರಾ ಅಲ್ಪ. ಹೀಗಿರುವಾಗ ಕರುಳಿನ ದಾರಿ ಬದಲಿಸಿ ಏನು ಫಲ? ಶಸ್ತ್ರವೈದ್ಯ ಥಾಮಸ್ ಸ್ಟಾರ್ಝಲ್ 1973ರಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳಲ್ಲಿ, ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತವನ್ನು ಬೇರೆ ನಾಳಕ್ಕೆ ತಿರುಗಿಸಿ ನೋಡಿದರು. ಕೊಲೆಸ್ಟರಾಲ್ ಇಳಿಯಿತು. ಮುಂದೆ ಇತರ ಮಕ್ಕಳಲ್ಲಿ ಫಲ ಒಂದೇ ಸಮನಾಗಿರಲಿಲ್ಲ.

ಉಳಿದದ್ದು ಯಕೃತ್ತನ್ನೇ ಬದಲಿಸುವ ದಾರಿ. ಟೆಕ್ಸಾಸಿನ ಸ್ಟಾರ್ಮಿ ಜೋನ್ಸ್ ಎಂಬ ಆರು ವರ್ಷದ ಬಾಲಕಿಯ ಕೊಲೆಸ್ಟರಾಲ್ ಡೆಸಿಲೀಟರಿಗೆ 1,000 ಮಿಲಿಗ್ರಾಮಿನ ಹತ್ತಿರವಿತ್ತು, 200ರೊಳಗಿರಬೇಕಾದದ್ದು. ಹೃದಯವೂ ಕೆಟ್ಟಿತ್ತು. ಹಾಳಾದ ಹೃದಯ ಹೊಸ ಯಕೃತ್ತಿನ ಶಸ್ತ್ರಕ್ರಿಯೆಯನ್ನು ತಾಳದು, ಹಳೆಯ ಯಕೃತ್ತು ಹೊಸ ಹೃದಯವನ್ನು ಉಳಿಸದು. 1984ರ ಫೆಬ್ರವರಿ 14ರಂದು ಪಿಟ್ಸ್‌ಬರ್ಗಿನಲ್ಲಿ ಸ್ಟಾರ್ಝಲ್ ಮತ್ತು ಸಂಗಡಿಗರು ಎರಡನ್ನೂ ಒಟ್ಟಿಗೆ ಕಸಿ ಮಾಡಿದರು. ಜಗತ್ತಿನಲ್ಲಿ ಅದು ಮೊದಲ ಸಲ. ಕೆಲವೇ ವಾರಗಳಲ್ಲಿ ಕೊಲೆಸ್ಟರಾಲ್ 300ಕ್ಕಿಂತ ಕೆಳಗೆ ಇಳಿಯಿತು. ಬ್ರೌನ್-ಗೋಲ್ಡ್‌ಸ್ಟೀನ್ ಪ್ರಯೋಗಾಲಯದಲ್ಲಿ ಕಂಡದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಬಾಲಕಿ ಶಾಲೆಗೂ ಹೋದಳು. 1990ರಲ್ಲಿ ಯಕೃತ್ತನ್ನು ಮತ್ತೊಮ್ಮೆ ಬದಲಿಸಬೇಕಾಯಿತು; ಅದೇ ನವೆಂಬರಿನಲ್ಲಿ, ಕಸಿ ಮಾಡಿದ ಹೃದಯವನ್ನು ದೇಹ ತಿರಸ್ಕರಿಸಿ, ಹದಿಮೂರನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಈಗ ಇಂಥ ಮಕ್ಕಳಿಗೆ ಯಂತ್ರದಿಂದ ರಕ್ತ ಶೋಧಿಸುವ ವಿಧಾನವುಂಟು. ಗ್ರಾಹಕಗಳ ಹಂಗಿಲ್ಲದ ಎವಿನಾಕುಮಾಬ್ ಎಂಬ ಔಷಧಿಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆತಿದೆ. ಅದರ ಬೆಲೆ ಸಾಮಾನ್ಯರ ಕೈಗೆಟುಕುವಂಥದಲ್ಲ. ಯಕೃತ್ತಿನ ಕಸಿಯೂ ನಿಂತಿಲ್ಲ. ತಂದೆ ಅಥವಾ ತಾಯಿಯೇ ತಮ್ಮ ಯಕೃತ್ತಿನ ಭಾಗವನ್ನು ಕೊಡುವುದುಂಟು. ಅವರಲ್ಲೂ ಒಂದು ದೋಷದ ಜೀನು ಇರುವುದರಿಂದ ಆ ಯಕೃತ್ತಿನ ಶಕ್ತಿ ಅರ್ಧವೇ. ಕಸಿಯ ನಂತರವೂ ಮಗು ಕೊಲೆಸ್ಟರಾಲ್ ಮಾತ್ರೆ ನುಂಗಬೇಕಾಗುತ್ತದೆ. ಆದರೆ ಈ ಬಾರಿ ಮಾತ್ರೆಗೆ ಕೆಲಸ ಮಾಡಲು ಗ್ರಾಹಕಗಳಿರುತ್ತವೆ.