ಕನಿಕರ ಇತ್ತು, ಕೋಣೆ ಇರಲಿಲ್ಲ



ಹಾಸ್ಟೆಲ್‌ನಲ್ಲಿ ನಮ್ಮ ಮಗುವೊಂದು ಜೀವ ಕಳಕೊಂಡರೆ ಮೊದಲು ಬರೋ ಮಾತು, "ಮನಸ್ಸು ಗಟ್ಟಿ ಇರಲಿಲ್ಲ". ಈ ಮಾತಿಗೆ ನಮ್ಮ ಇತಿಹಾಸದಲ್ಲೇ ಉತ್ತರ ಇದೆ.

1917. ಅಮೆರಿಕಾ, ಲಂಡನ್‌ನಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಉಳಿಯೋಕೆ ಜಾಗ ಇಲ್ಲ. ಜಾತಿ ಮುಚ್ಚಿಟ್ಟು ಪಾರ್ಸಿ ಛತ್ರ ಸೇರಿದರು. ವಿಷಯ ಗೊತ್ತಾಗಿ, ಕೋಲು ಹಿಡಿದ ಗುಂಪು ಬಂದು ಹೊರಡಿಸಿತು. ಇಬ್ಬರು ಸ್ನೇಹಿತರನ್ನು ಕೇಳಿದರು. ಒಬ್ಬರು ಹಿಂದೂ, ಇನ್ನೊಬ್ಬರು ಕ್ರೈಸ್ತರು. ಮರುಕಪಟ್ಟವರೂ ಮನೆಗೆ ಸೇರಿಸಲಿಲ್ಲ. ಬೊಂಬಾಯಿ ರೈಲು ಬರೋ ತನಕ ಕಮಾಟಿ ಬಾಗ್ ಉದ್ಯಾನದಲ್ಲಿ ಗಂಟೆಗಟ್ಟಲೆ ಕಳೆದರು. ಅವತ್ತು ಅವರಿಗೆ ಬೇಕಿದ್ದದ್ದು ಬುದ್ಧಿಮಾತಲ್ಲ, ಒಂದು ಕೋಣೆ.

ಮುಂದೆ ಅವರು ಏನು ಕಟ್ಟಿದರು ನೋಡಿ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ. 1925ರಲ್ಲಿ ಆ ಸಭಾದಿಂದ ಸೊಲ್ಲಾಪುರದಲ್ಲಿ ವಿದ್ಯಾರ್ಥಿಗಳಿಗೆ ಹಾಸ್ಟೆಲ್. ನಮ್ಮಲ್ಲೂ 70ರ ದಶಕದ ದಲಿತ ಚಳವಳಿಗೆ ಹಾಸ್ಟೆಲ್ ಹುಡುಗರೇ ಬಲ. ಊಟ, ಚಾಪೆ, ಜೊತೆಗೆ ನಮ್ಮವರು. ಓದು ಇವುಗಳ ಮೇಲೆ ನಿಂತಿತ್ತು, ಎಷ್ಟೋ ಜೀವಗಳೂ.

ಈಗ 2016ರ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಬನ್ನಿ. ಹಾಸ್ಟೆಲ್‌ನಿಂದ ಹೊರಹಾಕಿದ 5 ಜನ ದಲಿತ ವಿದ್ಯಾರ್ಥಿಗಳು ಕ್ಯಾಂಪಸ್ಸಿನಲ್ಲೇ ಬಯಲಲ್ಲಿ ಮಲಗಿದರು. ಆ ಜಾಗಕ್ಕೆ ವೆಲಿವಾಡ ಅಂತ ಹೆಸರಿಟ್ಟರು, ಅಂದರೆ ಊರಾಚೆಯ ಕೇರಿ. ಅವರಲ್ಲೊಬ್ಬ ರೋಹಿತ್ ವೇಮುಲ. ಜನವರಿ 17ಕ್ಕೆ ಅವನನ್ನು ಕಳಕೊಂಡೆವು. 7 ತಿಂಗಳ ಫೆಲೋಶಿಪ್, 1 ಲಕ್ಷ 75 ಸಾವಿರ ರೂಪಾಯಿ ಬರಬೇಕಿದೆ ಅಂತ ಕೊನೇ ಪತ್ರದಲ್ಲಿ ಬರೆದಿದ್ದ.

ಯಾವ ಸಾವಿಗೂ ಒಂದೇ ಕಾರಣ ಇರಲ್ಲ, ಒಪ್ಪುತ್ತೇನೆ. ಆದರೆ ನಾನು ಗುಮಾಸ್ತ. ಒಂದು ಸಹಿಗೆ ನಿಂತ ಬಿಲ್ಲಿನ ಆಚೆ ತುದೀಲಿ ಯಾರದೋ ಮೆಸ್ ಬಾಕಿ, ಯಾರದೋ ಅಮ್ಮನ ಸಾಲ ಇರುತ್ತೆ ಅಂತ ಬಲ್ಲೆ. ತಡವಾಗೋ ಸ್ಕಾಲರ್‌ಶಿಪ್ಪೂ, ಕಸದ ಬುಟ್ಟಿ ಸೇರೋ ಜಾತಿನಿಂದನೆ ದೂರೂ ಮಾನಸಿಕ ಆರೋಗ್ಯದ ವಿಷಯವೇ.

ಕಾನೂನೂ ಈಗ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಜೀವ ತೆಗೆದುಕೊಳ್ಳಲು ಹೋದವರನ್ನು ತೀವ್ರ ಒತ್ತಡದಲ್ಲಿರೋರು ಅಂತ ನೋಡುತ್ತೆ. ಅವರ ಆರೈಕೆ ಸರ್ಕಾರದ ಕರ್ತವ್ಯ ಅನ್ನುತ್ತೆ.

ಆದ್ದರಿಂದ ಈ ವಾರ ನಿಮ್ಮೂರಿನ ಹಾಸ್ಟೆಲ್‌ಗೆ ಹೋಗಿ. ಭಾಷಣ ಬೇಡ. ಸ್ಕಾಲರ್‌ಶಿಪ್ ಬಂತಾ, ಊಟ ಆಯ್ತಾ, ಯಾರಾದರೂ ಏನಾದರೂ ಅಂದರಾ ಕೇಳಿ. ಮಂಕಾಗಿ ಕೂತಿರೋರನ್ನ "ಬದುಕೋದೇ ಬೇಡ ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಹಾಗೆ ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹುಟ್ಟಲ್ಲ, ಭಾರ ಇಳಿಯುತ್ತೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮನಸ್ 14416ಕ್ಕೆ ಜೊತೇಲಿ ಕೂತು ಫೋನ್ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ.

ಇದನ್ನು ಓದ್ತಿರೋ ತಮ್ಮ, ತಂಗಿ, ನಿನಗೇ ಹಾಗೆ ಅನ್ನಿಸ್ತಿದ್ದರೆ ಈಗಲೇ ಆ ನಂಬರಿಗೆ ಮಾತಾಡು. ಒಂದು ರಾತ್ರಿ ತಂಗೋಕೆ ಜಾಗ ಬೇಕಾದರೆ ನನಗೆ ಮೆಸೇಜ್ ಹಾಕು. ನಮ್ಮ ಮನೇಲಿ ಚಾಪೆ ಇದೆ.