ರಷ್ಯಾದ ಸ್ವಭಾವವನ್ನು ಬರೆದವರು

ವಿಸ್ತಾರದಲ್ಲಿ ರಷ್ಯಾಕ್ಕೆ ಸಾಟಿಯಿಲ್ಲ. ಸುಮಾರು 1.7 ಕೋಟಿ ಚದರ ಕಿಲೋಮೀಟರ್ ನೆಲ, 11 ಕಾಲವಲಯ. ಇಷ್ಟು ದೊಡ್ಡ ನಾಡಿನ ಜನಕ್ಕೆಲ್ಲ ಒಂದೇ ಸ್ವಭಾವ ಹಚ್ಚುವ ಚಾಳಿ ಹಳೆಯದು: ಎಲ್ಲವನ್ನೂ ಸಹಿಸುವವರು, ಗಟ್ಟಿ ಒಡೆಯನನ್ನು ಬಯಸುವವರು, ಅತಿರೇಕದವರು. ಈ ಮಾತುಗಳ ಬೇರು ಹುಡುಕುತ್ತ ಹೋದರೆ ಸಿಗುವವರು ಚರಿತ್ರೆಕಾರರು. ಅಲ್ಲಿ ಚರಿತ್ರೆ ಬರೆಯುವುದು ಎಂದಿನಿಂದಲೂ ಪ್ರಭುತ್ವದ ವ್ಯವಹಾರ. ಬರೆದವರಿಗೆ ಪದವಿಯೂ ಸಿಕ್ಕಿದೆ, ಗಡೀಪಾರೂ ಸಿಕ್ಕಿದೆ.

ಮೊದಲ ಕಥನ ಹುಟ್ಟಿದ್ದು ಮಾಸ್ಕೋದಲ್ಲಲ್ಲ, ಕೀವ್‌ನಲ್ಲಿ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಗುಹಾಮಠದ ಸನ್ಯಾಸಿ ನೆಸ್ತೊರ್ ಬರೆದನೆಂದು ಪರಂಪರೆ ಹೇಳುವ ವೃತ್ತಾಂತವದು. ಉಳಿದಿರುವ ಅತಿ ಹಳೆಯ ಪ್ರತಿ 1377ರದ್ದು. ಒಳಜಗಳದಿಂದ ಬೇಸತ್ತ ಬುಡಕಟ್ಟುಗಳು 862ರಲ್ಲಿ ಕಡಲಾಚೆಯ ರ್‍ಯೂರಿಕ್‌ನನ್ನು ತಮ್ಮನ್ನಾಳಲು ತಾವೇ ಕರೆಸಿಕೊಂಡವು ಎಂಬ ಕಥೆ ಅದರಲ್ಲಿದೆ. ಮುಂದಿನ ಜಗಳಗಳಿಗೆಲ್ಲ ಕಿಡಿ ಅದೇ. ಪೀಟರ್ ದೊರೆ ಸ್ಥಾಪಿಸಿದ ಸೇಂಟ್ ಪೀಟರ್ಸ್‌ಬರ್ಗ್‌ನ ಅಕಾಡೆಮಿಯಲ್ಲಿ 1749ರಲ್ಲಿ ಜರ್ಮನ್ ವಿದ್ವಾಂಸ ಮ್ಯೂಲರ್, ರಾಜ್ಯ ಕಟ್ಟಿದವರು ಸ್ಕ್ಯಾಂಡಿನೇವಿಯದವರು ಎಂದು ವಾದಿಸುವ ಭಾಷಣ ಸಿದ್ಧಪಡಿಸಿದ. ಇದು ದೇಶಕ್ಕೆ ಅವಮಾನವೆಂದು ಅಲ್ಲಿನ ರಷ್ಯನ್ ವಿದ್ವಾಂಸ ಲೊಮೊನೊಸೊವ್ ಸಿಡಿದೆದ್ದ. ಭಾಷಣಕ್ಕೆ ತಡೆ ಬಿತ್ತು. ಇದೇ ಮ್ಯೂಲರ್ ಅದಕ್ಕೆ ಮೊದಲು ಹತ್ತು ವರ್ಷ ಸೈಬೀರಿಯ ಸುತ್ತಿ, ಊರೂರಿನ ಕಚೇರಿಗಳ ಕಡತಗಳನ್ನು ನಕಲು ಮಾಡಿಸಿದ್ದ. ಅವುಗಳಲ್ಲಿ ಅನೇಕದರ ಮೂಲಪ್ರತಿ ಇಂದು ಉಳಿದಿಲ್ಲ. ರಷ್ಯಾದ ಚರಿತ್ರೆಗೆ ಅವನಷ್ಟು ದುಡಿದವರು ಆ ಶತಮಾನದಲ್ಲಿ ಕಡಿಮೆ.

ಓದುಗರನ್ನು ಗಳಿಸಿದವನು ಕರಾಂಜಿನ್. 1803ರಲ್ಲಿ ಒಂದನೆಯ ಅಲೆಕ್ಸಾಂಡರ್ ಅವನನ್ನು ಆಸ್ಥಾನ ಚರಿತ್ರೆಕಾರನನ್ನಾಗಿ ನೇಮಿಸಿದ. ಅವನು ಬರೆದ ರಷ್ಯಾ ಚರಿತ್ರೆಯ ಮೊದಲ ಎಂಟು ಸಂಪುಟಗಳ 3000 ಪ್ರತಿಗಳು 1818ರಲ್ಲಿ ಒಂದೇ ತಿಂಗಳಲ್ಲಿ ಮಾರಾಟವಾದವು. ನಿರಂಕುಶ ಅರಸೊತ್ತಿಗೆಯೇ ರಷ್ಯಾವನ್ನು ಕಾಪಾಡಿತೆಂಬುದು ಅವನ ನಂಬಿಕೆ. ಆದರೂ ಒಂಬತ್ತನೆಯ ಸಂಪುಟದಲ್ಲಿ ಇವಾನ್ ದಿ ಟೆರಿಬಲ್‌ನ ಕ್ರೌರ್ಯವನ್ನು ಅವನು ಮುಚ್ಚಿಡಲಿಲ್ಲ. ಕನ್ನಡ ನಾಡಿಗೂ ಅವನ ಋಣವೊಂದಿದೆ. ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿಗಳ ಬೀದರಿಗೆ ಬಂದು, ಶ್ರೀಮಂತರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಒಟ್ಟಿಗೇ ದಾಖಲಿಸಿದ್ದ. ಆ ಪ್ರವಾಸ ಕಥನ ಟ್ರಿನಿಟಿ ಮಠದ ಗ್ರಂಥಭಂಡಾರದಲ್ಲಿ ಮರೆತುಹೋಗಿ ಬಿದ್ದಿದ್ದಾಗ ಹುಡುಕಿ ಬೆಳಕಿಗೆ ತಂದವನು ಕರಾಂಜಿನ್.

1836ರಲ್ಲಿ ಚಿಂತಕ ಚಾದಾಯೆವ್‌ನ ಒಂದು ಪತ್ರ ಅಚ್ಚಾಯಿತು. ರಷ್ಯಾ ಪೂರ್ವಕ್ಕೂ ಸೇರಿಲ್ಲ, ಪಶ್ಚಿಮಕ್ಕೂ ಸೇರಿಲ್ಲ, ಜಗತ್ತಿಗೆ ಏನನ್ನೂ ಕೊಟ್ಟಿಲ್ಲ ಎಂಬುದು ಅದರ ಸಾರ. ದೊರೆ ನಿಕೊಲಸ್ ಅವನನ್ನು ಹುಚ್ಚನೆಂದು ಘೋಷಿಸಿ, ಅದನ್ನು ಅಚ್ಚು ಹಾಕಿದ ಪತ್ರಿಕೆಯನ್ನು ಮುಚ್ಚಿಸಿದ. ಅವನೆತ್ತಿದ ಪ್ರಶ್ನೆ ಮಾತ್ರ ವಿದ್ಯಾವಂತರನ್ನು ಸ್ಲಾವ್‌ಪ್ರೇಮಿಗಳು, ಪಾಶ್ಚಾತ್ಯವಾದಿಗಳು ಎಂದು ಎರಡು ಬಣ ಮಾಡಿತು. ಚರಿತ್ರೆಕಾರ ಸೊಲೊವ್ಯೊವ್ 1851ರಿಂದ ತೀರಿಕೊಳ್ಳುವ ತನಕ ಬರೆದ ರಷ್ಯಾ ಚರಿತ್ರೆಯ 29 ಸಂಪುಟಗಳು ಆ ಬಿಸಿಯಿಂದ ದೂರ ನಿಂತವು. ಕಾಡು ಮತ್ತು ಹುಲ್ಲುಗಾವಲಿನ ನಡುವಿನ ದೀರ್ಘ ಸೆಣಸಾಟವನ್ನು ಅವನು ಕಂಡ. ಪಶ್ಚಿಮ ಯುರೋಪಿಗೆ ತಾಯಿಯಾದ ಪ್ರಕೃತಿ ಇಲ್ಲಿ ಮಲತಾಯಿಯಾದಳೆಂದ.

ಅವನ ಶಿಷ್ಯ ಕ್ಲ್ಯುಚೆವ್ಸ್ಕಿಯನ್ನು ಇಂದಿಗೂ ಹಿಗ್ಗಿನಿಂದ ಓದಬಹುದು. ಪೆಂಜಾ ಪ್ರಾಂತ್ಯದ ಹಳ್ಳಿ ಪಾದ್ರಿಯ ಮಗ. ರೈತರ ಜೀತ ರದ್ದಾದ 1861ರಲ್ಲೇ ಮಾಸ್ಕೋ ವಿಶ್ವವಿದ್ಯಾಲಯ ಸೇರಿದ. ಅರಸರನ್ನು ಬದಿಗಿಟ್ಟು ನದಿ, ಮಣ್ಣು, ತೆರಿಗೆ, ವಲಸೆಗಳನ್ನು ಮುಂದೆ ತಂದ. ಉತ್ತರದ ಬೇಸಿಗೆ ಚಿಕ್ಕದು, ಅದೂ ಕೈಕೊಡುವಂಥದ್ದು. ಆದ್ದರಿಂದ ರೈತ ಕೆಲವೇ ವಾರ ಮೈಮುರಿದು ದುಡಿಯುತ್ತಾನೆ, ಆಮೇಲೆ ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂರುತ್ತಾನೆ. ದೇವರಿಟ್ಟಂತಾಗಲಿ ಎಂಬ ಧೋರಣೆ ಅವನಿಗೆ ರಕ್ತದಿಂದ ಬಂದದ್ದಲ್ಲ, ಹವಾಮಾನ ಕಲಿಸಿದ್ದು. ಸ್ವಭಾವವನ್ನು ಹೀಗೆ ದುಡಿಮೆಯಲ್ಲಿ ಹುಡುಕಿದ್ದು ದೊಡ್ಡ ಹೆಜ್ಜೆ. ಆದರೆ ರಷ್ಯಾದ ಚರಿತ್ರೆಯೆಂದರೆ ತನ್ನನ್ನು ತಾನೇ ವಸಾಹತು ಮಾಡಿಕೊಳ್ಳುತ್ತ ಹೋದ ನಾಡಿನ ಚರಿತ್ರೆ ಎಂಬ ಅವನ ಪ್ರಸಿದ್ಧ ಸೂತ್ರವನ್ನು ನಾನು ಒಪ್ಪಲಾರೆ. 1552ರಲ್ಲಿ ಕಜಾನ್ ಕಳೆದುಕೊಂಡ ತಾತಾರರಿಗೆ, ತುಪ್ಪಳದ ಕಪ್ಪ ತೆರಬೇಕಾದ ಸೈಬೀರಿಯದ ಯಾಕೂತರಿಗೆ ಅದು ಪರರ ಆಕ್ರಮಣವೇ ಆಗಿತ್ತು. 1904ರಲ್ಲಿ ಉಕ್ರೇನಿನ ಚರಿತ್ರೆಕಾರ ಹ್ರುಶೆವ್ಸ್ಕಿ ಇನ್ನೊಂದು ಬುಡವನ್ನೇ ಅಲ್ಲಾಡಿಸಿದ: ಕೀವ್‌ನ ಪರಂಪರೆಯನ್ನು ಮಾಸ್ಕೋದ ಪೂರ್ವಕಥೆಯೆಂದು ಬರೆಯುವುದು ತಪ್ಪು ಎಂದ. ಆ ವಾದ ಗ್ರಂಥಾಲಯದ ಹೊರಗೆ ಬಂದು ಉಕ್ರೇನ್ ಯುದ್ಧದಲ್ಲೂ ಕೇಳಿಸುತ್ತಿದೆ.

ಕ್ರಾಂತಿಯ ನಂತರ ಪೊಕ್ರೊವ್ಸ್ಕಿ ಎಂಬ ಮಾರ್ಕ್ಸ್‌ವಾದಿ ವೀರಪುರುಷರನ್ನೆಲ್ಲ ಅಳಿಸಿ, ವರ್ಗ ಮತ್ತು ವ್ಯಾಪಾರ ಬಂಡವಾಳದ ಕಥೆ ಬರೆದ. ಹಳೆಯ ಪೀಳಿಗೆಯ ಚರಿತ್ರೆಕಾರ ಪ್ಲಾತೊನೊವ್ 1930ರಲ್ಲಿ ಬಂಧಿತನಾಗಿ, ಗಡೀಪಾರಾದ ಸಮಾರಾದಲ್ಲಿ 1933ರಲ್ಲಿ ಸತ್ತ. ಮರುವರ್ಷವೇ ಗಾಳಿ ತಿರುಗಿತು: ಪಾಠಗಳಿಗೆ ಇಸವಿ, ಅರಸ, ಯುದ್ಧಗಳು ಮರಳಬೇಕೆಂದು ಆಜ್ಞೆ ಹೊರಟಿತು, ತೀರಿಹೋಗಿದ್ದ ಪೊಕ್ರೊವ್ಸ್ಕಿಯ ಪಂಥ ಮುಂದೆ ಖಂಡನೆಗೆ ಗುರಿಯಾಯಿತು. ಜರ್ಮನ್ ನೈಟರನ್ನು ಸೋಲಿಸಿದ ಅಲೆಕ್ಸಾಂಡರ್ ನೆವ್ಸ್ಕಿಯ ಮೇಲೆ ಐಸೆನ್‌ಸ್ಟೈನ್ 1938ರಲ್ಲಿ ಮಾಡಿದ ಚಿತ್ರ, ಮರುವರ್ಷ ಹಿಟ್ಲರನೊಡನೆ ಒಪ್ಪಂದವಾದೊಡನೆ ಪರದೆಯಿಂದ ಮಾಯವಾಗಿ, 1941ರಲ್ಲಿ ಅವನು ದಾಳಿಯಿಟ್ಟಾಗ ಮರಳಿತು.

ಈ ಎಲ್ಲ ಆಜ್ಞೆಗಳ ಕೈಗೆ ಸಿಗದ ಸಾಕ್ಷ್ಯವೊಂದು 1951ರ ಜುಲೈ 26ರಂದು ನವ್ಗೊರೋದ್‌ನಲ್ಲಿ ನೆಲದಡಿಯಿಂದ ಬಂತು. ಪುರಾತತ್ವಜ್ಞ ಆರ್ತ್ಸಿಖೊವ್ಸ್ಕಿಯ ತಂಡಕ್ಕೆ ಸಿಕ್ಕಿದ್ದು ಅಕ್ಷರ ಗೀರಿದ ಬರ್ಚ್ ಮರದ ತೊಗಟೆ. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಅದು ಶತಮಾನಗಳಿಂದ ಕೊಳೆಯದೆ ಉಳಿದಿತ್ತು. ಈವರೆಗೆ ಇಂಥವು ಸಾವಿರಕ್ಕೂ ಹೆಚ್ಚು ಸಿಕ್ಕಿವೆ: ಸಾಲದ ಲೆಕ್ಕ, ಸಂತೆಯ ಪಟ್ಟಿ, ತನ್ನನ್ನು ಮದುವೆಯಾಗೆಂದು ಮಿಕಿತ ಉಲ್ಯಾನಿತ್ಸಾಳಿಗೆ ಬರೆದ ಕೋರಿಕೆ, ಹದಿಮೂರನೆಯ ಶತಮಾನದ ಹುಡುಗ ಓನ್ಫಿಮ್ ಅಕ್ಷರಾಭ್ಯಾಸದ ನಡುವೆ ಗೀಚಿದ ಕುದುರೆ ಸವಾರ. ಹೆಂಗಸರು ಬರೆದ ಓಲೆಗಳೂ ಇವೆ. ನವ್ಗೊರೋದ್ ನಗರಸಭೆ ಗಂಟೆ ಬಾರಿಸಿ ಸೇರುತ್ತಿತ್ತು, ಅರಸನನ್ನು ಷರತ್ತಿನ ಮೇಲೆ ಇಟ್ಟುಕೊಳ್ಳುತ್ತಿತ್ತು, ಬೇಡವಾದರೆ ಹೊರಗಟ್ಟುತ್ತಿತ್ತು. 1478ರಲ್ಲಿ ಮಾಸ್ಕೋದ ಮೂರನೆಯ ಇವಾನ್ ಊರನ್ನು ವಶಪಡಿಸಿಕೊಂಡು ಆ ಗಂಟೆಯನ್ನೇ ಸಾಗಿಸಿದ. ರಷ್ಯನ್ನರಿಗೆ ಗಟ್ಟಿ ಒಡೆಯ ಬೇಕು ಎನ್ನುವವರು ಈ ತೊಗಟೆಗಳನ್ನು ಓದಬೇಕು. ಒಡೆತನವನ್ನು ಪ್ರಶ್ನಿಸುವ ದಾರಿಯೊಂದು ಅಲ್ಲಿತ್ತು. ಅದನ್ನು ಬಲದಿಂದ ಮುಚ್ಚಲಾಯಿತು.

1980ರ ದಶಕದ ಕೊನೆಗೆ ಕಡತಗಳು ತೆರೆಯತೊಡಗಿದಾಗ, ಮೆಮೋರಿಯಲ್ ಸಂಸ್ಥೆ ಸ್ಟಾಲಿನ್ ಕಾಲದ ಶಿಬಿರಗಳಲ್ಲಿ ನಲುಗಿದವರ, ಗುಂಡಿಗೆ ಬಲಿಯಾದವರ ಹೆಸರುಗಳನ್ನು ಕೂಡಿಸತೊಡಗಿತು. ಆ ಪಟ್ಟಿ 30 ಲಕ್ಷ ದಾಟಿದೆ. ಹೆಸರು, ಹುಟ್ಟಿದ ಊರು, ಕಸುಬು, ಬಂಧನದ ದಿನಾಂಕ: ರಷ್ಯಾದ ಚರಿತ್ರೆಯ ಅತ್ಯಂತ ಅಗತ್ಯವಾದ ಪುಟಗಳು ಇವು ಎಂದು ನನ್ನ ಭಾವನೆ. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಂಸ್ಥೆಯನ್ನು ವಿಸರ್ಜಿಸಲು ಆದೇಶಿಸಿತು. ಮರುವರ್ಷ ಅದಕ್ಕೆ ನೊಬೆಲ್ ಶಾಂತಿ ಪುರಸ್ಕಾರದಲ್ಲಿ ಪಾಲು ದೊರೆಯಿತು. 2023ರಲ್ಲಿ ಶಾಲೆಗಳ ಕೊನೆಯ ಎರಡು ತರಗತಿಗಳಿಗೆ ದೇಶಕ್ಕೆಲ್ಲ ಒಂದೇ ಚರಿತ್ರೆ ಪಠ್ಯ ಬಂತು. ಅದರ ಲೇಖಕರಲ್ಲಿ ಒಬ್ಬರು ಅಧ್ಯಕ್ಷರ ಸಹಾಯಕ ಮೆದಿನ್ಸ್ಕಿ. ಉಕ್ರೇನ್ ಯುದ್ಧದ ಸಮರ್ಥನೆಗೆ ಅದರಲ್ಲಿ ಪ್ರತ್ಯೇಕ ಭಾಗವಿದೆ.