ಡ್ಯೂಕೋ ಅನ್ನೂ ಹೆಸರು, ಮತ್ತ ಅಂಗಳದಾಗಿನ ಹಳೇ ಕಾರು

ಅಡಗಿಮನಿ ಕಪಾಟಿಗೆ ಡ್ಯೂಕೋ ಮಾಡಸೀವಿ ಅಂತ ನಮ್ಮ ಓಣಿಯೊಳಗ ಎಷ್ಟು ಮಂದಿ ಹೇಳ್ತೀವಿ! ಆದ್ರ ಆ ಹೆಸರು ಹುಟ್ಟಿದ್ದು ಕಪಾಟಿಗಲ್ಲ, ಕಾರಿಗೆ. ಅಮೆರಿಕಾದ ಡ್ಯುಪಾಂಟ್ ಕಂಪನಿ 1923ರ ಸುಮಾರಿಗೆ ಮಾರಾಟಕ್ಕ ತಂದ ಬಣ್ಣ ಅದು. ಮನ್ಯಾಗ ಗಂಡಸರು ಹಳೇ ಕಾರಿಗೆ ತಾವ ಬಣ್ಣ ಹೊಡೀತೀವಿ ಅಂತ ಮೊಬೈಲ್ ನೋಡ್ಕೋತ ಕೂತಿದ್ರ, ಅವರು ಅಂಗಡಿಗೆ ಹೋಗೂಕಿಂತ ಮೊದಲ ಈ ಕಥಿ ನಮಗ ಗೊತ್ತಿರಬೇಕು. ಯಾಕಂದ್ರ ಆ ವಾಸನಿ ಬರೂದು ನಮ್ಮ ಒಲಿ ಮುಂದ.

ಮೊದಮೊದಲ ಕಾರುಗಳಿಗೆ ಸಾರೋಟಿಗೆ ಹಚ್ಚೂ ಎಣ್ಣಿ ವಾರ್ನಿಶ್ಶನ್ನ ಹಚ್ತಿದ್ರು. ಒಂದು ಪದರ ಹಚ್ಚೂದು, ಒಣಗಸೂದು, ತಿಕ್ಕೂದು, ಮತ್ತೊಂದು ಪದರ. ಮಳಿಗಾಲದಾಗ ಸಂಡಗಿ ಒಣಗಿಸಿದಂಗ, ವಾರಗಟ್ಟಲೆ ಹಿಡೀತಿತ್ತು. ಫೋರ್ಡ್ ಕಂಪನಿ 1914ರಿಂದ 1925ರ ತನಕ ಮಾಡೆಲ್ ಟಿ ಕಾರನ್ನ ಕರೀ ಬಣ್ಣದಾಗಷ್ಟ ಕೊಡ್ತಿತ್ತು.

ಜನರಲ್ ಮೋಟರ್ಸ್‌ನ ಚಾರ್ಲ್ಸ್ ಕೆಟರಿಂಗ್ ಅನ್ನೂ ಸಂಶೋಧಕ ಬ್ಯಾರೇ ದಾರಿ ಹುಡುಕ್ತಿದ್ದ. ಅವನ ಬಗ್ಗೆ ಒಂದು ಕಥಿ ಹೇಳ್ತಾರ: ಬಣ್ಣ ಇಷ್ಟು ಲಗೂ ಒಣಗೂದು ಸಾಧ್ಯನ ಇಲ್ಲ ಅಂತ ವಾದಾ ಮಾಡಿದವನನ್ನ ಊಟಕ್ಕ ಕರಕೊಂಡು ಹೋದ್ನಂತ. ಊಟ ಮುಗಿಸಿ ಹೊರಗ ಬಂದ್ರ ಅವನ ಕಾರು ಬ್ಯಾರೇ ಬಣ್ಣದ್ದಾಗಿ ನಿಂತಿತ್ತಂತ! ಖರೇನೋ ಸುಳ್ಳೋ, ಕೆಲಸಂತೂ ಖರೇನ ಆತು. 1924ರ ಮಾಡೆಲ್ಲಿನ ಓಕ್‌ಲ್ಯಾಂಡ್ ಕಾರು ನೀಲಿ ಡ್ಯೂಕೋ ಬಳಕೊಂಡು ಬಂತು. ವಾರಗಳ ಕೆಲಸ ತಾಸುಗಳಿಗೆ ಇಳೀತು.

ಆ ಡ್ಯೂಕೋದೊಳಗ ಏನಿತ್ತು? ನಮ್ಮ ಎರಿ ಹೊಲದಾಗ ಬೆಳ್ಯೂ ಹತ್ತಿನ! ಹತ್ತಿ ನಾರನ್ನ ನೈಟ್ರಿಕ್ ಆಮ್ಲದಾಗ ಹದಾ ಮಾಡಿದ್ರ ನೈಟ್ರೋಸೆಲ್ಯುಲೋಸ್ ಆಗ್ತದ. ತೋಪಿನ ಮದ್ದಿಗೂ ಅದನ್ನ ಬಳಸ್ತಿದ್ರು. ಪೇಂಟರುಗಳು ಎನ್‌.ಸಿ. ಅನ್ನೂದು ಇದಕ್ಕನ. ಬೆಂಕಿ ಅಂದ್ರ ಭಗ್ ಅಂತ ಹತ್ಕೋತದ. ದೇವರ ದೀಪ, ಗ್ಯಾಸ್ ಒಲಿ ಹತ್ತಿದ್ದಾಗ ಇದನ್ನ ಹತ್ತರ ಹೊಡೀಗೊಡಬ್ಯಾಡ್ರಿ.

ಆಮ್ಯಾಲೆ ಸಿಂಥೆಟಿಕ್ ಎನಾಮಲ್ ಬಂತು, ನಮ್ಮ ಗೇಟಿಗೆ, ಕಿಟಕಿ ಸರಳಿಗೆ ಹಚ್ಚೂ ಜಾತಿದ್ದ. ತಿಕ್ಕಿ ಪಾಲಿಶ್ ಮಾಡದನ ಹೊಳೀತದ, ಆದ್ರ ಸಾವಕಾಶ ಒಣಗ್ತದ. ನಮ್ಮ ಧೂಳಿನ್ಯಾಗ ಅಷ್ಟೊತ್ತಿಗೆ ಕಾರಿನ ಮ್ಯಾಲೆ ರಂಗೋಲಿ ಬಿದ್ದಿರ್ತದ.

ಮೂರನೇದ್ದು ಪಿ.ಯು. ಪಾಲಿಯುರೆಥೇನ್ ಅನ್ನ ಜರ್ಮನಿಯ ಒಟ್ಟೊ ಬೇಯರ್ 1937ರಾಗ ಕಂಡುಹಿಡಿದದ್ದು; ಕಾರಿನ ಬಣ್ಣಕ್ಕ ಬಂದದ್ದು ಎಷ್ಟೋ ವರ್ಷದ ಮ್ಯಾಲೆ. ಎರಡು ಡಬ್ಬಿ, ಒಂದ್ರಾಗ ಬಣ್ಣ, ಇನ್ನೊಂದ್ರಾಗ ಹಾರ್ಡನರ್. ಬಾಳಿಕಿಯೊಳಗ ಇದನ್ನ ಮೀರಿಸೂದಿಲ್ಲ. ಬಿಸಲಿಗೂ ಪೆಟ್ರೋಲಿಗೂ ಜಗ್ಗೂದಿಲ್ಲ. ಅಂಗಡ್ಯಾವರು ಇದನ್ನ ಹೊಗಳೂದ್ರಾಗ ತಪ್ಪೇನಿಲ್ಲ. ಆದ್ರ ಆ ಹಾರ್ಡನರಿನೊಳಗ ಐಸೋಸೈನೇಟ್ ಇರ್ತದ. ಅದರ ಮಂಜು ಉಸಿರಿನ್ಯಾಗ ಹೋದ್ರ ದಮ್ಮು ಹಚ್ಚಬಹುದು. ಒಮ್ಮೆ ಮೈಗೆ ಅದು ಆಗಬರದಂಗ ಆತಂದ್ರ, ಮುಂದ ಚೂರು ತಗಲಿದ್ರೂ ಉಸಿರು ಕಟ್ತದ. ವಾಸನಿ ಬರಲಿಲ್ಲಂದ್ರ ಗಾಳಿ ಸ್ವಚ್ಛ ಅಂತನೂ ಅಲ್ಲ. ಮುಖಕ್ಕ ಕಟ್ಟೂ ಪಂಜಿ, ಧೂಳಿನ ಮಾಸ್ಕು ಇದಕ್ಕ ಸಾಲೂದಿಲ್ಲ. ಹೊಡಿಯಾಂವಗ ಹೊರಗಿನ ಶುದ್ಧ ಗಾಳಿ ನಳಿಗೆಯೊಳಗ ಬರೂ ಮಾಸ್ಕ್ ಬೇಕು, ಬ್ಯಾರೇ ಕೋಣಿ ಬೇಕು. ನೀರಿನ ಬಣ್ಣ ತರ್ತೀನಿ ಅಂದ್ರೂ, ಅದರ ಮ್ಯಾಲೆ ಹೊಡ್ಯೂ ಕ್ಲಿಯರ್ ಕೋಟ್ ಏನು ಅಂತ ಕೇಳ್ರಿ; ಬಹಳ ಸಲ ಅದಕ್ಕೂ ಹಾರ್ಡನರನ.

ನಮ್ಮ ಮೈದುನನ ಮಾರುತಿ ಎಂಟುನೂರು ನಿಲ್ಲೂದು ಅತ್ತಿಯವರ ಖೋಲಿ ಕಿಟಕಿ ಕೆಳಗ. ಅವರಿಗೆ ಮೊದಲ ದಮ್ಮು. ಪಿ.ಯು. ಬೇಕಿದ್ರ ಬೂತ್ ಇದ್ದ ಗ್ಯಾರೇಜಿಗೆ ಒಯ್ಯಪ್ಪಾ, ಮನ್ಯಾಗ ಹೊಡಿಯೂದಿದ್ರ ಎನ್‌.ಸಿ. ತಾ, ಅದನ್ನೂ ಅತ್ತಿಯವರು ಮಗಳ ಮನಿಗೆ ಹೋದಾಗ, ಅಂತ ನಾನು ಹೇಳಿಬಿಟ್ಟೆ. ಎನ್‌.ಸಿ. ಹೊಳಪು ಬಿಸಲಿಗೆ ಮಾಸ್ತದ, ಪಾಲಿಶ್ ಕೇಳ್ತದ. ಇರ್ಲಿ, ಅದು ಬರೇ ಹೊಳಪು. ತಿನ್ನರಿನ ಗಾಳಿನೂ ಒಳ್ಳೇದಲ್ಲ, ಬಯಲಿನ್ಯಾಗ ನಿಂತು ರಾಸಾಯನಿಕ ಆವಿ ತಡಿಯೂ ಫಿಲ್ಟರ್ ಮಾಸ್ಕ್ ಹಾಕ್ಕೊಂಡನ ಹೊಡೀಬೇಕು.

ತರೂಕಿಂತ ಮೊದಲ ಡಿಕ್ಕಿ ಒಳಗ, ಕಾಣದ ಮೂಲ್ಯಾಗ, ಬಿಳೀ ಅರಬಿಗೆ ತಿನ್ನರ್ ಹಚ್ಚಿ ತಿಕ್ಕಿ ನೋಡ್ರಿ. ಬಣ್ಣ ಕರಗಿ ಅರಬಿಗೆ ಹತ್ತಿದ್ರ ಹಳೇದೂ ಲ್ಯಾಕರ್, ಮ್ಯಾಲೆ ಎನ್‌.ಸಿ. ಕೂಡ್ತದ. ಕರಗದನ ಸುಕ್ಕಾಗಿ ಎದ್ರ ಅದು ಎನಾಮಲ್. ಅದರ ಮ್ಯಾಲೆ ಎನ್‌.ಸಿ. ಹೊಡೆದ್ರ ಪೂರಾ ಬಾನೆಟ್ಟ ಹಾಲಿನ ಕೆನಿಯಂಗ ಸುಕ್ಕಾಗ್ತದ. ಮೊದಲ ಅದನ್ನ ಪೂರಾ ಕೆರದು ತಗೀಬೇಕು.